ಸೆಣಬು ಬೆಳೆದು ಮಣ್ಣಿಗೆ ಸೇರಿಸಿದ ಮೇಲೂ ಪಾಲಕ್ ಹಳದಿಯಾಗಿದೆ, ಯಾಕೆ?

ಪ್ರಶ್ನೆ: ಸರ್, ನಾವು ಹನ್ನೆರಡು ಮನೆಯವರು ಸೇರಿ ಒಂದು ತೋಟ ಮಾಡುತ್ತಿದ್ದೇವೆ. ಮಣ್ಣು ಸುಧಾರಿಸಲಿ ಅಂತ ಮೂರು ಖಾಲಿ ಮಡಿಗಳಿಗೆ ಹಸಿರೆಲೆ ಗೊಬ್ಬರದ ಸೆಣಬು ಚೆಲ್ಲಿದೆವು. ಮೂರು ತಿಂಗಳಿಗೆ ಆಳೆತ್ತರ ಬೆಳೆದು ಕಾಯಿ ಕಟ್ಟಿತು. ಕಡಿದು ಮಣ್ಣಿಗೆ ಸೇರಿಸಿ, ನಾಲ್ಕು ದಿನ ಬಿಟ್ಟು ಪಾಲಕ್ ಬಿತ್ತಿದೆವು. ಅರ್ಧ ಬೀಜ ಮೊಳೆಯಲೇ ಇಲ್ಲ, ಬಂದವೂ ಹಳದಿ. ಎಲ್ಲಿ ತಪ್ಪಿದೆವು?

ಉತ್ತರ: ಕಡಿದದ್ದು ತಡವಾಯಿತು, ಬಿತ್ತಿದ್ದು ಅವಸರವಾಯಿತು. ಸೆಣಬನ್ನು 45–50 ದಿನಕ್ಕೆ, ಮೊಗ್ಗು ಬಿಟ್ಟು ಹೂ ಶುರುವಾಗುವಾಗಲೇ ಕಡಿಯಬೇಕು. ಕಾಂಡಕ್ಕೆ ಉಗುರು ಒತ್ತಿ ನೋಡಿ. ಸಲೀಸಾಗಿ ಇಳಿದರೆ ಎಳೆಯದು. ನಿಮ್ಮದು ನಾರು ಬಲಿತದ್ದು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಅದನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಪಾಲಕ್‌ಗೆ ಉಳಿಯುವುದಿಲ್ಲ, ಹಳದಿಯಾಗುತ್ತದೆ. ಇನ್ನು, ಹಸಿ ಸೊಪ್ಪು ಕೊಳೆಯುವ ಮೊದಲ ದಿನಗಳಲ್ಲಿ ಸಸಿ ಕೊಳೆಸುವ ಶಿಲೀಂಧ್ರಗಳೂ ಜಾಸ್ತಿ. ಸಣ್ಣ ಬೀಜ ಅದನ್ನು ತಡೆಯುವುದಿಲ್ಲ.

ಮುಂದಿನ ಸಲ ಗೇಣುದ್ದ ತುಂಡು ಮಾಡಿ, ಮೇಲಿನ ನಾಲ್ಕೈದು ಇಂಚು ಮಣ್ಣಿಗೆ ಮಾತ್ರ ಬೆರೆಸಿ, ತೇವ ಇಟ್ಟು ಎರಡು ಮೂರು ವಾರ ಬಿಡಿ. ಅಗೆದು ನೋಡಿದಾಗ ಎಲೆ ಎಲೆಯಂತೆ ಕಾಣಬಾರದು. ಈಗಿನ ಮಡಿಗೂ ಇದೇ ಮಾತು. ಸುಮ್ನೆ ಇನ್ನಷ್ಟು ಬೀಜ ಸುರಿಯಬೇಡಿ, ಕಾಯಿರಿ.

ಪ್ರಶ್ನೆ: ಕೆಲವು ಗಿಡ ಕಿತ್ತಾಗ ಬೇರಲ್ಲಿ ಗಂಟುಗಳಿದ್ದವು. ರೋಗ ಅಲ್ವಾ?

ಉತ್ತರ: ಬಹುಶಃ ಅಲ್ಲ. ಬೆರಳಲ್ಲಿ ಉಜ್ಜಿದರೆ ಮಣಿಯ ಹಾಗೆ ಕಳಚಿ ಬರುತ್ತದಾ? ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪಾ? ಹಾಗಿದ್ದರೆ ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿವೆ. ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವಿನ ಸಂಬಂಧಿಯೇ ಅಲ್ಲೂ ಇದೆ. ನನಗಂತೂ ಇದನ್ನು ನೋಡುವುದು ಈಗಲೂ ಖುಷಿ. ಬೇರು ತಾನೇ ಊದಿಕೊಂಡು ಗಂಟಾಗಿ, ಕಳಚದಿದ್ದರೆ ಮಣ್ಣಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳುವಿನ ಕಾಟ. ಅಂಥ ಮಡಿಗೆ ಸೆಣಬಿನ ಬದಲು ಅಲಸಂದೆ ಹಾಕಬೇಡಿ, ಆ ಹುಳ ಅದರಲ್ಲಿ ಹೆಚ್ಚುತ್ತದೆ. ಸೆಣಬೇ ಒಳ್ಳೆಯದು. ಹಾಗೇ, ಗಿಡ ಕೀಳಬೇಡಿ, ಬುಡಕ್ಕೆ ಕತ್ತರಿಸಿ. ಬೇರು ಕೊಳೆತ ಜಾಗದಲ್ಲಿ ನೀರು ಇಳಿಯುತ್ತದೆ.

ಪ್ರಶ್ನೆ: ಎರಡು ತಿಂಗಳು ಮಡಿ ಬಿಟ್ಟುಕೊಡಲು ಉಳಿದವರು ಒಪ್ಪುತ್ತಿಲ್ಲ. ಉದುರಿದ ಬೀಜ ಪಕ್ಕದ ಮಡಿಯಲ್ಲೂ ಮೊಳೆತು ಅವರಿಗೆ ಸಿಟ್ಟು ಬೇರೆ.

ಉತ್ತರ: ಮಡಿ ಅಷ್ಟು ಕಾಲ ಬಿಟ್ಟುಕೊಡಿ ಅನ್ನಬೇಡಿ. ಬದನೆ ಮುಗಿಯಲು ತಿಂಗಳಿರುವಾಗಲೇ ಸಾಲಿನ ನಡುವೆ ಸೆಣಬು ಬಿತ್ತಿದರೆ ಅರ್ಧ ಕಾಲ ಉಳಿಯುತ್ತದೆ. ಆದರೆ ಮಡಿಯ ಮೇಲೆ ನಡೆಯುವುದನ್ನು ನಿಲ್ಲಿಸದೆ ಯಾವ ಬೆಳೆ ಹಾಕಿದರೂ ಮಣ್ಣು ಮತ್ತೆ ಗಟ್ಟಿಯಾಗುತ್ತದೆ. ಪಕ್ಕದ ಮಡಿಯ ಸಸಿಗಳನ್ನು ಎರಡೆಲೆ ಇರುವಾಗಲೇ ಕಿತ್ತು ಅಲ್ಲೇ ಹಾಸಿ. ಕೀಳಲು ನೀವೇ ಹೋಗಿ, ಮೇಡಂ.