ಮುಂಬೈಯಲ್ಲಿ ಕ್ಯಾಶ್ ವ್ಯಾನ್ ಕೆಲಸ: ಒಳಗಿನ ಸ್ಥಿತಿ ನಿಜವಾಗಿ ಹೇಗಿರುತ್ತದೆ?

ಪ್ರಶ್ನೆ: ಡೊಂಬಿವಲಿ ನಿವಾಸಿ

ವಿಜಯಪುರದಿಂದ ಬಂದಿರುವ ನನ್ನ ಅಕ್ಕನ ಮಗ ಬಿ.ಕಾಂ. ಮುಗಿಸಿ ನಮ್ಮ ಮನೆಯಲ್ಲೇ ಇದ್ದಾನೆ. ಎಟಿಎಂಗಳಿಗೆ ಹಣ ತುಂಬುವ ಒಂದು ಕಂಪನಿಯಿಂದ ಅವನಿಗೆ ಕಸ್ಟೋಡಿಯನ್ (ಹಣದ ಹೊಣೆ ಹೊತ್ತು ಯಂತ್ರಕ್ಕೆ ತುಂಬುವವನು) ಕೆಲಸಕ್ಕೆ ಕರೆ ಬಂದಿದೆ. 2025ರ ಜನವರಿಯಲ್ಲಿ ಬೀದರ್‌ನಲ್ಲಿ ಹಾಡಹಗಲೇ ಇಂಥ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆ ಒಯ್ದದ್ದನ್ನು ಟಿವಿಯಲ್ಲಿ ನೋಡಿದ ಅಕ್ಕ, ಈ ಕೆಲಸ ಬೇಡವೇ ಬೇಡ ಎಂದು ಹಟ ಹಿಡಿದಿದ್ದಾಳೆ. ಈ ಕ್ಷೇತ್ರದಲ್ಲಿ ದುಡಿದವರು ದಿನಚರಿ, ಅಪಾಯ ಮತ್ತು ಸೇರುವ ಮುನ್ನ ವಿಚಾರಿಸಬೇಕಾದ ಸಂಗತಿಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಠಾಣೆಯ ಮಾಜಿ ಕಸ್ಟೋಡಿಯನ್

ನಿಮ್ಮ ಅಕ್ಕನವರ ಭಯ ಸಹಜವಾದುದೇ. ಆದರೆ ಕಸ್ಟೋಡಿಯನ್‌ನ ನಿದ್ದೆ ಕೆಡಿಸುವುದು ದರೋಡೆಕೋರರಿಗಿಂತ ಹೆಚ್ಚಾಗಿ ಲೆಕ್ಕ. ನಾನು ಘೋಡ್‌ಬಂದರ್ ರಸ್ತೆಯ ರೂಟಿನಲ್ಲಿ ಇದ್ದವನು. ಬೆಳಿಗ್ಗೆ ಕಂಪನಿಯ ಹಣದ ಕೋಣೆಯಾದ ವಾಲ್ಟ್‌ನಲ್ಲಿ ಆ ದಿನದ ಇಂಡೆಂಟ್ (ಯಾವ ಎಟಿಎಂಗೆ ಎಷ್ಟು ಹಣ ಎಂಬ ಬೇಡಿಕೆ ಪಟ್ಟಿ) ಪ್ರಕಾರ ಹಣ ಎಣಿಸಿಕೊಂಡು ಸಹಿ ಹಾಕಬೇಕು. ಐನೂರರ ಒಂದು ಬಂಡಲ್ ಎಂದರೆ ಹತ್ತು ಪ್ಯಾಕೆಟ್, ಸಾವಿರ ನೋಟು, ಐದು ಲಕ್ಷ ರೂಪಾಯಿ; ಸಹಿ ಬಿದ್ದ ಮೇಲೆ ಅಷ್ಟೂ ನಿಮ್ಮ ತಲೆಯ ಮೇಲೆ. ಎಟಿಎಂ ತಿಜೋರಿಯ ಸಂಖ್ಯೆಯಲ್ಲಿ ಅರ್ಧ ಒಬ್ಬನಿಗೆ, ಇನ್ನರ್ಧ ಜೊತೆಗಾರನಿಗೆ ಮಾತ್ರ ಗೊತ್ತಿರುತ್ತದೆ; ಹಲವೆಡೆ ಈಗ ಪ್ರತಿ ಸಲ ಬದಲಾಗುವ ಸಂಖ್ಯೆಯ ಬೀಗಗಳು ಬಂದಿವೆ.

ತಿಜೋರಿ ತೆರೆದ ಮೇಲೆ ಯಂತ್ರದಿಂದ ಕೌಂಟರ್ ಚೀಟಿ (ಎಷ್ಟು ನೋಟು ಹೋಗಿದೆ, ಎಷ್ಟು ಉಳಿದಿದೆ ಎಂಬ ಯಂತ್ರದ ಲೆಕ್ಕ) ತೆಗೆದು, ನೋಟು ತುಂಬುವ ಪೆಟ್ಟಿಗೆಗಳಾದ ಕ್ಯಾಸೆಟ್‌ಗಳಲ್ಲಿ ಉಳಿದ ನೋಟನ್ನೂ ರಿಜೆಕ್ಟ್ ಡಬ್ಬಿಗೆ ಬಿದ್ದ ನೋಟನ್ನೂ ಕೈಯಿಂದಲೇ ಎಣಿಸಿ ಹೊಂದಿಸಬೇಕು. ಹೊಸ ನೋಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ; ಕಂತೆಯನ್ನು ಬಗ್ಗಿಸಿ, ಅಂಚು ಬಿಡಿಸಿ ತುಂಬದಿದ್ದರೆ ಯಂತ್ರ ಜೋಡಿ ನೋಟುಗಳನ್ನು ರಿಜೆಕ್ಟ್ ಮಾಡುತ್ತಲೇ ಹೋಗುತ್ತದೆ, ಅದೇ ಎಟಿಎಂಗೆ ಮತ್ತೆ ಓಡಬೇಕಾಗುತ್ತದೆ. ಇದಕ್ಕಿಂತ ಘೋರವಾದದ್ದು ನೂರರ ಕ್ಯಾಸೆಟ್‌ಗೆ ಐನೂರರ ನೋಟು ಸೇರಿಹೋಗುವುದು. ಯಂತ್ರ ನೂರೆಂದು ಲೆಕ್ಕ ಬರೆದು ಐನೂರು ಕೊಡುತ್ತಿರುತ್ತದೆ, ಸುದ್ದಿ ಹಬ್ಬಿ ಜನ ಸಾಲುಗಟ್ಟುತ್ತಾರೆ. ನಮ್ಮ ಬ್ರಾಂಚಿನಲ್ಲಿ ಹೀಗಾದಾಗ ಇಬ್ಬರ ಸಂಬಳದಿಂದ ತಿಂಗಳುಗಟ್ಟಲೆ ಹಣ ಮುರಿದುಕೊಂಡರು, ಯಂತ್ರ ಸರಿಯಿಲ್ಲವೆಂದು ಅವರು ಮೊದಲೇ ಕೊಟ್ಟಿದ್ದ ದೂರನ್ನು ಯಾರೂ ತೆಗೆದು ನೋಡಲಿಲ್ಲ.

ಅವಸರವೂ ಇದೆ. 2021ರ ಅಕ್ಟೋಬರ್ 1ರಿಂದ, ಒಂದು ಎಟಿಎಂ ತಿಂಗಳಲ್ಲಿ 10 ಗಂಟೆಗಿಂತ ಹೆಚ್ಚು ಖಾಲಿ ಇದ್ದರೆ ರಿಸರ್ವ್ ಬ್ಯಾಂಕ್ ಆ ಎಟಿಎಂಗೆ 10,000 ರೂಪಾಯಿ ದಂಡ ವಿಧಿಸುತ್ತದೆ. ದಂಡ ಬ್ಯಾಂಕಿಗಾದರೂ ಅದರ ಬಿಸಿ ತಟ್ಟುವುದು ವ್ಯಾನಿನಲ್ಲಿ ಕುಳಿತವರಿಗೆ. ನಗರಗಳಲ್ಲಿ ರಾತ್ರಿ 9ರ ನಂತರ ಎಟಿಎಂ ತುಂಬುವಂತಿಲ್ಲ ಎಂಬ ನಿಯಮವಿದೆ ನಿಜ; ಆದರೆ ವಾಲ್ಟ್‌ಗೆ ಮರಳಿ ಉಳಿದ ಹಣ, ಬೀಗದ ಕೈ, ರಿಪೋರ್ಟು ಎಲ್ಲವನ್ನೂ ಒಪ್ಪಿಸುವ ತನಕ ಬಿಡುಗಡೆಯಿಲ್ಲ. ಲೆಕ್ಕ ತಾಳೆಯಾಗದ ದಿನ ಡೊಂಬಿವಲಿಯ ಕೊನೆಯ ಲೋಕಲ್ ಸಿಗುವುದು ಅನುಮಾನ.

ಉತ್ತರ 2: ಬೆಳಗಾವಿಯ ನಿವೃತ್ತ ಯೋಧ, ಪುಣೆ

ಗನ್‌ಮ್ಯಾನ್ ಕಡೆಯಿಂದ ಎರಡು ಮಾತು. ಕೇಂದ್ರ ಗೃಹ ಸಚಿವಾಲಯದ 2018ರ ನಿಯಮಗಳ ಪ್ರಕಾರ ವ್ಯಾನಿನಲ್ಲಿ ಚಾಲಕ, ಇಬ್ಬರು ಶಸ್ತ್ರಧಾರಿಗಳು, ಇಬ್ಬರು ಕಸ್ಟೋಡಿಯನ್‌ಗಳು ಇರಬೇಕು. ಒಂದು ಟ್ರಿಪ್ಪಿನಲ್ಲಿ 5 ಕೋಟಿಗಿಂತ ಹೆಚ್ಚು ಒಯ್ಯುವಂತಿಲ್ಲ. ಊಟ, ಚಹಾದ ಹೊತ್ತಿನಲ್ಲೂ ಒಬ್ಬ ಶಸ್ತ್ರಧಾರಿ ವ್ಯಾನ್ ಬಿಟ್ಟು ಕದಲುವಂತಿಲ್ಲ. ಏಪ್ರಿಲ್ ತಿಂಗಳ ಪುಣೆಯಲ್ಲಿ ಉಕ್ಕಿನ ಆ ಡಬ್ಬದೊಳಗೆ ಬಂದೂಕು ಹಿಡಿದು ಕೂರುವುದು ಏನೆಂಬುದನ್ನು ನಿಯಮ ಬರೆದವರು ಒಮ್ಮೆ ಅನುಭವಿಸಬೇಕು.

ಹಣ ವ್ಯಾನಿನೊಳಗೆ ಇರುವಾಗ ನನಗೆ ಅಷ್ಟು ಆತಂಕವಿಲ್ಲ. ಪೆಟ್ಟಿಗೆ ವ್ಯಾನಿನ ಬಾಗಿಲಿನಿಂದ ಎಟಿಎಂ ಬಾಗಿಲಿಗೆ ಹೋಗುವ ಹತ್ತಿಪ್ಪತ್ತು ಹೆಜ್ಜೆಗಳೇ ಅಪಾಯದ ಜಾಗ. ಲಕ್ಷ್ಮಿ ರಸ್ತೆಯಂಥಲ್ಲಿ ನಿಲ್ಲಿಸಲು ಸ್ಥಳ ಸಿಗದೆ ಚಾಲಕ ಗಾಡಿಯನ್ನು ದೂರ ನಿಲ್ಲಿಸಿದರೆ ಆ ಹೆಜ್ಜೆಗಳು ನೂರಾಗುತ್ತವೆ. 2025ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ರಿಸರ್ವ್ ಬ್ಯಾಂಕಿನ ಅಧಿಕಾರಿಗಳೆಂದು ಹೇಳಿಕೊಂಡು ವ್ಯಾನ್ ತಡೆದು ಏಳು ಕೋಟಿಗೂ ಮಿಕ್ಕಿ ಹಣ ಒಯ್ದ ಪ್ರಕರಣದಲ್ಲಿ ಅದೇ ಕಂಪನಿಯ ಮಾಜಿ ನೌಕರನೊಬ್ಬನ ಬಂಧನವೂ ಆಯಿತು. ಆದ್ದರಿಂದ ಹುಡುಗನಿಗೆ ಹೇಳಿ: ರೂಟು, ಸಮಯ, ಮೊತ್ತ, ಇವು ಗೆಳೆಯರೊಂದಿಗಿನ ಹರಟೆಗೂ ವಾಟ್ಸ್ಯಾಪಿಗೂ ಬರಕೂಡದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಣ ಕಡಿಮೆ ಬಿದ್ದಾಗ ಕಂಪನಿ ತನಗೆ ಬೇಕಾದಂತೆ ಸಂಬಳ ಮುರಿದುಕೊಳ್ಳಬಹುದೇ?

ಉತ್ತರ 3: ವೇತನ ವಿಭಾಗದಲ್ಲಿದ್ದವರು, ಮುಲುಂಡ್

ಹಾಗೆ ಬರುವುದಿಲ್ಲ. ನೌಕರನ ವಶಕ್ಕೆ ಒಪ್ಪಿಸಿದ ಹಣ ಅವನ ನಿರ್ಲಕ್ಷ್ಯದಿಂದ ನಷ್ಟವಾದರೆ ಕಡಿತಕ್ಕೆ ವೇತನ ಕಾನೂನಿನಲ್ಲಿ ಅವಕಾಶವಿದೆ, ಆದರೆ ಅವನ ವಿವರಣೆ ಕೇಳದೆ ಕಡಿತ ಮಾಡುವಂತಿಲ್ಲ. ಆದುದರಿಂದ ಯಂತ್ರ ಕೆಟ್ಟಿದ್ದರೆ, ಕೌಂಟರ್ ಹೊಂದದಿದ್ದರೆ, ಅದೇ ಹೊತ್ತಿಗೆ ಬರವಣಿಗೆಯಲ್ಲಿ ತಿಳಿಸಿ ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳಲಿ. ಠಾಣೆಯವರು ಹೇಳಿದ ಪ್ರಸಂಗದಲ್ಲಿ ಇದರಿಂದಲೇ ಅನುಕೂಲವಾಗಬಹುದಿತ್ತು. ಪೊಲೀಸ್ ಪರಿಶೀಲನೆ, ಹಿಂದಿನ ಮಾಲೀಕರ ವಿಚಾರಣೆ, ಸಾಲದ ಇತಿಹಾಸ ಇವೆಲ್ಲ ನಿಯಮದಲ್ಲೇ ಇವೆ, ಅವುಗಳಿಗೆ ಬೇಸರಿಸಬೇಕಾಗಿಲ್ಲ. ಆದರೆ ಮೊತ್ತ ಬರೆಯದ ಚೆಕ್ಕಿಗೆ ಅಥವಾ ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಕೇಳಿದರೆ ಎದ್ದು ಬರಲಿ. ಜೀವ ವಿಮೆಯ ಮೊತ್ತ ಎಷ್ಟು, ಹೆಚ್ಚುವರಿ ಗಂಟೆಗಳ ಭತ್ಯೆ ಹೇಗೆ, ಪಿ.ಎಫ್. ಉಂಟೇ ಎಂಬುದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಲಿ. ಬಾಯಿಮಾತಿನ ಭರವಸೆ ಬ್ರಾಂಚ್ ಮ್ಯಾನೇಜರ್ ವರ್ಗವಾಗುವ ತನಕ ಮಾತ್ರ.