ಪದಚರ್ಚೆ: ‘ಗ್ರಾಂಟ್’ಗೆ ಏನು ಬರೆಯಲಿ? ಸೋಮವಾರದೊಳಗೆ ಬೇಕು

ಗೊಂಬೆಮನೆ, ಗುರುವಾರ ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿತ್ತು, ಸ್ವಲ್ಪ ಅರ್ಜೆಂಟು.

ಕೊಪ್ಪಳ ಜಿಲ್ಲೆಯ ಒಂದು ತೊಗಲುಗೊಂಬೆ ಮೇಳಕ್ಕೆ ಅರ್ಜಿ ತುಂಬಿಕೊಡುತ್ತಿದ್ದೇನೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಗ್ರಾಂಟ್, ಅಂದರೆ ಕಾಯಂ ಕಲಾತಂಡಗಳಿಗೆ ಕೊಡುವ ಹಣ. ಅಲ್ಲಿಯ ಕಾಗದವೆಲ್ಲ ಇಂಗ್ಲಿಷ್, ಹಿಂದಿ. ಮೇಳದ ಯಜಮಾನರಿಗೆ ಓದಲು ಬರುವುದು ಕನ್ನಡ ಮಾತ್ರ. ಓದದ ಕಾಗದಕ್ಕೆ ಸಹಿ ಹಾಕೋದಿಲ್ಲ ಅಂತ ಅವರ ಹಟ. ನ್ಯಾಯವಾದ ಹಟವೇ. ಹಾಗಾಗಿ ಅವರಿಗಾಗಿ ಎರಡು ಪುಟದ ಕನ್ನಡ ಪ್ರತಿ ಮಾಡುತ್ತಿದ್ದೇನೆ.

ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಸಹಾಯಧನ’ ಅಂತ ಬರೆದು ಓದಿಸಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. “ಸಬ್ಸಿಡಿ ಏನ್ರೀ ಇದು? ಹಂಗಾರ ಉಳಿದದ್ದು ಸಾಲ ಇರತೈತಿ. ನಾಳೆ ಬ್ಯಾಂಕಿನವ್ರು ಮನಿಗೆ ಬರ್ತಾರ,” ಅಂದರು. ಹಿಂದೆ ಕುರಿ ಸಾಲ ತಗೊಂಡು ಅನುಭವಿಸಿದವರು. ಸರಿ, ‘ಪ್ರೋತ್ಸಾಹಧನ’ ಅಂದೆ. ಅವರ ಮಗ ನಕ್ಕ. “ಡೈರಿಗೆ ಹಾಲು ಹಾಕಿದ್ರ ಲೀಟರಿಗೆ 5 ರೂಪಾಯಿ ಬರತೈತಲ್ಲ, ಅದು.” ‘ಅನುದಾನ’ ಅಂದೆ. “ಅದು ಎಮ್ಮೆಲ್ಲೆ ರೊಕ್ಕ, ಗಟಾರ ಕಟ್ಟಸೋದು.”

ಈಗ ಏನು ಬರೆಯಲಿ? ಜಾನಪದ ಕಲಾವಿದರಿಗೆ ಅರ್ಥವಾಗಬೇಕು, ಕಚೇರಿಯವರೂ ಬೇಡ ಅನ್ನಬಾರದು. ‘ರೆಪರ್ಟರಿ’ಗೂ ಏನಾದರೂ ಇದ್ದರೆ ಹೇಳಿ.

ಕಚೇರಿಯ ಹಳಬ, ಗುರುವಾರ ರಾತ್ರಿ 9.32

ಧನಸಹಾಯ. ಇದರಲ್ಲಿ ಚರ್ಚೆಗೆ ಏನಿದೆ?

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಕೊಡುವುದು ಧನಸಹಾಯ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ತಿಂಗಳು ತಿಂಗಳು ಕೊಡುವುದು ಮಾಸಾಶನ. ಕಾರ್ಯಕ್ರಮ ಕೊಟ್ಟಿದ್ದಕ್ಕೆ ಸಂಭಾವನೆ. ಕೃಷಿ, ತೋಟಗಾರಿಕೆಯವರದು ಸಹಾಯಧನ. ಧನ ಮುಂದೋ ಹಿಂದೋ ಅನ್ನುವುದರ ಮೇಲೆ ಅರ್ಥ ಬೇರೆ. ಹನಿ ನೀರಾವರಿ ಪೈಪಿಗೆ ಬರುವುದು ಸಹಾಯಧನ: ಬೆಲೆಯಲ್ಲಿ ಒಂದು ಪಾಲು ಸರ್ಕಾರದ್ದು, ಉಳಿದದ್ದು ನಿಮ್ಮದು. ನಿಮ್ಮ ಯಜಮಾನರು ಸರಿಯಾಗೇ ಹೇಳಿದ್ದಾರೆ.

ಯುಜಿಸಿಯನ್ನೂ ‘ವಿಶ್ವವಿದ್ಯಾಲಯ ಧನಸಹಾಯ ಆಯೋಗ’ ಅಂತಲೇ ಬರೆಯುತ್ತಿದ್ದೆವು. ‘ಅನುದಾನ ಆಯೋಗ’ ಅನ್ನುವವರು ಹಿಂದಿ ಬೋರ್ಡು ನೋಡಿ ಬರೆಯುವವರು.

ಶಾಸನಪ್ರಿಯ, ಗುರುವಾರ ರಾತ್ರಿ 11.48

ಹಳಬರು ಕಚೇರಿಯಿಂದ ಹೊರಗೆ ಬಂದು ಒಂದು ವೀರಗಲ್ಲು ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಗ್ರಾಂಟ್‌ಗೆ ಶಾಸನಗಳಲ್ಲೇ ಪದ ಇದೆ: ಕೊಡಗೆ. ಕೊಡು ಧಾತು, ಗೆ ಪ್ರತ್ಯಯ. ಉಡುಗೆ, ತೊಡುಗೆ ಇದ್ದ ಹಾಗೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ಕೆರೆಯ ಕೆಲಸಕ್ಕೆ ಬಿಟ್ಟದ್ದು ಬಿತ್ತುವಟ್ಟ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ‘ಬಾಳ್ಗಳ್ಚು’ ಇದೆ, ವೀರನಿಗೆ ಕತ್ತಿ ತೊಳೆದು ಕೊಟ್ಟದ್ದು. ಇದ್ಯಾವುದಕ್ಕೂ ಬ್ಯಾಂಕಿನವರು ಮನೆಗೆ ಬರಲಿಲ್ಲ.

ಇನ್ನು ಉಂಬಳಿ. ಅಲ್ಲಿರುವುದು ಉಣ್ ಧಾತು. ಉಣ್ಣಲಿಕ್ಕೆ ಅಂತ ಬಿಟ್ಟ ಭೂಮಿ. ಹಳಬರ ಮಾಸಾಶನವನ್ನೇ ಬಿಡಿಸಿ ನೋಡಿ: ಮಾಸ, ಅಶನ. ತಿಂಗಳ ಅನ್ನ. ಕೊಡುವವನು ಅರಸನಾದರೂ ಗುಮಾಸ್ತನಾದರೂ ಪದದೊಳಗೆ ಊಟದ ಎಲೆ ಹಾಸಿದೆ. ‘ಧನಸಹಾಯ’ದಲ್ಲಿ ಏನಿದೆ, ಎರಡು ರಬ್ಬರ್ ಸ್ಟಾಂಪು.

‘ಕೊಡಗೆ’ ಅಂತ ಬರೆಯಿರಿ. ಧೈರ್ಯವಾಗಿ ಬರೆಯಿರಿ.

ಮಂಡ್ಯದ ಮೇಷ್ಟ್ರು, ಶುಕ್ರವಾರ ಬೆಳಿಗ್ಗೆ 7.05

ಶಾಸನದವರೇ, ನಿಮ್ಮ ಕೊಡಗೆ ಈಗ ಕೊಡುಗೆ ಆಗಿದೆ. ನಮ್ಮ ಪೇಟೆಬೀದಿಯ ಸೀರೆ ಅಂಗಡಿ ಮೇಲೆ ‘ದಸರಾ ವಿಶೇಷ ಕೊಡುಗೆ’ ಅಂತ ಬ್ಯಾನರ್ ನೇತಾಡುತ್ತಿದೆ. ಎರಡು ಕೊಂಡರೆ ಒಂದು ಉಚಿತ. ಆ ಹಿರಿಯರು ಗೊಂಬೆ ಕೊಳ್ಳಬೇಕಾ ಅಂತ ಕೇಳುತ್ತಾರೆ.

ಉಂಬಳಿ ಅಂತೂ ಬೇಡವೇ ಬೇಡ. ಮೈಸೂರು ಸೀಮೆಯಲ್ಲಿ 1954, 1955ರ ಕಾಯ್ದೆಗಳು ಉಂಬಳಿಯಂಥ ಇನಾಮು ಭೂಮಿಗಳನ್ನು ರದ್ದು ಮಾಡಿದವು. ಅದರ ವ್ಯಾಜ್ಯ ಮೊಮ್ಮಕ್ಕಳ ಕಾಲಕ್ಕೂ ಮುಗಿಯದ ಮನೆಗಳು ನನಗೆ ಗೊತ್ತು. ಉಂಬಳಿ ಅಂದರೆ ಜನ ಪಹಣಿ ಹಿಡಿದು ತಾಲ್ಲೂಕು ಕಚೇರಿಗೆ ಓಡುತ್ತಾರೆ.

ಅಂದಹಾಗೆ ತಂಗಿ, ‘ಜಾನಪದ ಕಲಾವಿದ’ ತಪ್ಪು. ಜನಪದ ಕಲಾವಿದ. ಜಾನಪದ ಅನ್ನುವುದು ಓದುವ ಶಾಸ್ತ್ರ. ಅವರು ಆಡಿಸುವುದು ಗೊಂಬೆ.

ಕಚೇರಿಯ ಹಳಬ, ಶುಕ್ರವಾರ ಬೆಳಿಗ್ಗೆ 8.50

ಹಾಗಾದರೆ ಜಾನಪದ ಅಕಾಡೆಮಿ, ಜಾನಪದ ಪರಿಷತ್ತು, ರಾಮನಗರದ ಜಾನಪದ ಲೋಕ, ಶಿಗ್ಗಾಂವಿಯ ಹತ್ತಿರದ ಜಾನಪದ ವಿಶ್ವವಿದ್ಯಾಲಯ, ಎಲ್ಲ ಬೋರ್ಡುಗಳನ್ನೂ ಮೇಷ್ಟ್ರೇ ತಿದ್ದಿ ಬರಲಿ.

ಶಾಸನಪ್ರಿಯ, ಶುಕ್ರವಾರ ಬೆಳಿಗ್ಗೆ 9.15

ಕವಿರಾಜಮಾರ್ಗದಲ್ಲಿ ಕಾವೇರಿಯಿಂದ ಗೋದಾವರಿವರೆಗಿನ ನಾಡೇ ‘ಜನಪದ’. ಜನ ಅಲ್ಲ, ನಾಡು. ಇಬ್ಬರೂ ತಪ್ಪು.

ಅಚ್ಚಗನ್ನಡ, ಶುಕ್ರವಾರ ಬೆಳಿಗ್ಗೆ 10.20

ಎಶ್ಟು ಸಂಸ್ಕ್ರುತದ ಕಸ! ಅನುದಾನ, ಪ್ರೋತ್ಸಾಹದನ, ಸಹಾಯದನ. ಕನ್ನಡದಲ್ಲಿ ‘ನೆರವು’ ಇದೆ. ‘ಹಣನೆರವು’ ಅಂತ ಬರೆದರೆ ಮುಗಿಯಿತು. ಓದಿದವರಿಗೂ ತಿಳಿಯುತ್ತದೆ, ಓದದವರಿಗೂ ತಿಳಿಯುತ್ತದೆ. ಅರ್ಜಿಯೂ ಬೇಡ, ಅದು ಅರಬ್ಬಿಯಿಂದ ಬಂದದ್ದು. ‘ಬೇಡಿಕೆ ಓಲೆ’ ಅನ್ನಿ. ನಮ್ಮ ನುಡಿಯನ್ನು ನಾವೇ ಬಳಸದಿದ್ದರೆ ಇನ್ನಾರು ಬಳಸುತ್ತಾರೆ?

ಕಚೇರಿಯ ಹಳಬ, ಶುಕ್ರವಾರ ಬೆಳಿಗ್ಗೆ 10.31

ಮಹಾಪ್ರಾಣ ಬಿಟ್ಟು ಬರೆಯುವವರ ಕೈಗೆ ಧನಸಹಾಯ ಸಿಕ್ಕರೆ ‘ದನಸಹಾಯ’ ಆಗುತ್ತದೆ. ಅರ್ಜಿ ಸೀದಾ ಪಶುಸಂಗೋಪನೆ ಇಲಾಖೆಗೆ.

ಅಚ್ಚಗನ್ನಡ, ಶುಕ್ರವಾರ ಬೆಳಿಗ್ಗೆ 10.44

ನೀವು ಬಾಯಲ್ಲಿ ಹೇಳುವಾಗ ಏನು ಹೇಳುತ್ತೀರಿ, ಒಮ್ಮೆ ಕಿವಿಗೊಟ್ಟು ಕೇಳಿಕೊಳ್ಳಿ ಸಾರ್. ದನ ಅಂತಲೇ ಹೇಳುತ್ತೀರಿ. ಅದಕ್ಕೇ ಆ ಪದವೇ ಬೇಡ ಎಂದದ್ದು.

ಶಾಸನಪ್ರಿಯ, ಶುಕ್ರವಾರ ಬೆಳಿಗ್ಗೆ 11.02

‘ಹಣನೆರವು’ ಅಚ್ಚಗನ್ನಡವೇ? ಹಣ ಬಂದದ್ದು ಸಂಸ್ಕೃತದ ಪಣದಿಂದ. ಪಕಾರ ಹಕಾರವಾಗಿದೆ, ಅಷ್ಟೇ. ಕಿಟೆಲ್ ನಿಘಂಟು 1894ರಿಂದ ಕೈಗೆ ಸಿಗುತ್ತಿದೆ, ತೆರೆದು ನೋಡಲು ಯಾರಪ್ಪಣೆಯೂ ಬೇಕಿಲ್ಲ.

ಅಚ್ಚಗನ್ನಡ, ಶುಕ್ರವಾರ ಬೆಳಿಗ್ಗೆ 11.09

ಆ ಪಣವೇ ನಮ್ಮ ಕಡೆಯಿಂದ ಸಂಸ್ಕ್ರುತಕ್ಕೆ ಹೋದದ್ದು. ಸಾಲ ಕೊಟ್ಟವರನ್ನೇ ಸಾಲಗಾರ ಅನ್ನಬೇಡಿ.

ಮಂಡ್ಯದ ಮೇಷ್ಟ್ರು, ಶುಕ್ರವಾರ ಮಧ್ಯಾಹ್ನ 1.30

ಸಾಲದ ಮಾತೇ ಬೇಡ, ಆ ಯಜಮಾನರು ಅದಕ್ಕೇ ಹೆದರಿರೋದು.

ನಾನು ಹೇಳಬೇಕಿದ್ದದ್ದು ಬೇರೆ. ‘ಬೇಡಿಕೆ ಓಲೆ’ ನನಗೆ ಸರಿ ಕಾಣಲಿಲ್ಲ. ಗೊಂಬೆ ಆಡಿಸುವವರು, ಹಗಲುವೇಷದವರು, ಜೋಗಿಗಳು, ಇವರನ್ನೆಲ್ಲ ಊರಿನವರು ‘ಬೇಡಿ ತಿನ್ನೋರು’ ಅಂತಲೇ ಕರೆದದ್ದು. ಕಣಕ್ಕೆ ಬಂದು ಮೊರದಲ್ಲಿ ರಾಗಿ ಹಾಕಿಸಿಕೊಂಡು ಹೋಗುತ್ತಿದ್ದರು. ಅದು ಆಟದ ಕೂಲಿ. ನಾವು ಅದನ್ನ ಭಿಕ್ಷೆ ಅಂದೆವು. ಈಗ ಸರ್ಕಾರದ ಕಾಗದದಲ್ಲೂ ಬೇಡು ಅಂತ ಬರೆಸಬೇಕಾ? ಅರ್ಜಿ ಅರಬ್ಬಿಯದ್ದಾದರೂ ಅದನ್ನು ಹಿಡಿದವನು ಕಚೇರಿ ಬಾಗಿಲಲ್ಲಿ ನೆಟ್ಟಗೆ ನಿಲ್ಲುತ್ತಾನೆ.

ಅಚ್ಚಗನ್ನಡ, ಶುಕ್ರವಾರ ಮಧ್ಯಾಹ್ನ 2.15

ಒಪ್ಪಿದೆ. ‘ಓಲೆ’ ಮಾತ್ರ ಇರಲಿ. ನೆರವಿನ ಬಗ್ಗೆ ನನ್ನ ಮಾತು ಹಾಗೇ ಇದೆ.

ತೆಂಕುತಿಟ್ಟು, ಶುಕ್ರವಾರ ಸಂಜೆ 6.40

ರೆಪರ್ಟರಿ ಬಗ್ಗೆ ಕೇಳಿದ್ದನ್ನು ಎಲ್ಲರೂ ಮರೆತಿರಾ? ಸಂಬಳ ಕೊಟ್ಟು ವರ್ಷವಿಡೀ ಇಟ್ಟುಕೊಂಡ ಕಾಯಂ ತಂಡ, ಅದರ ಕೈಯಲ್ಲಿ ಯಾವತ್ತೂ ತಯಾರಿರುವ ಆಟಗಳು. ನಮ್ಮ ಯಕ್ಷಗಾನದಲ್ಲಿ ಅದಕ್ಕೆ ಹೆಸರು ಮೇಳ. ಪ್ರಸಂಗ ಹೇಳಿದರೆ ಸಾಕು, ಅವತ್ತು ರಾತ್ರಿಯೇ ಆಟ. ಮೇಳ ಊರೂರು ಸುತ್ತುವುದು ತಿರುಗಾಟ. ಮಳೆಗಾಲಕ್ಕೆ ಮುಂಚೆ ಪತ್ತನಾಜೆ ದಿನ ಬಂದಾಗ ಗೆಜ್ಜೆ ಬಿಚ್ಚುತ್ತಾರೆ, ಆ ವರ್ಷದ ತಿರುಗಾಟ ಮುಗಿಯಿತು. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನವರು 1985ರಲ್ಲಿ ರೆಪರ್ಟರಿ ಕಟ್ಟಿದಾಗ ಇಟ್ಟ ಹೆಸರು ‘ತಿರುಗಾಟ’ವೇ. ಇಂಗ್ಲಿಷ್ ಪದವನ್ನು ಹಿಡಿದುಕೊಂಡು ಜಗ್ಗಾಡಲಿಲ್ಲ. ಕೆಲಸಕ್ಕೆ ಹೆಸರಿಟ್ಟರು. ನಿಮ್ಮವರು ಹೇಗೂ ‘ಮೇಳ’ ಅಂತಿದ್ದಾರೆ. ‘ಮೇಳದ ಧನಸಹಾಯ’ ಅಂತ ಬರೆದುಬಿಡಿ.

ಶಾಸನಪ್ರಿಯ, ಶುಕ್ರವಾರ ಸಂಜೆ 6.58

ಮೇಳ ಸಂಸ್ಕೃತದ್ದು.

ತೆಂಕುತಿಟ್ಟು, ಶುಕ್ರವಾರ ಸಂಜೆ 7.01

ಇರಲಿ ಮಾರಾಯರೆ, ಚೆಂಡೆ ನಮ್ಮದೇ ಅಲ್ವಾ.

ಗೊಂಬೆಮನೆ, ಶನಿವಾರ ಬೆಳಿಗ್ಗೆ 8.20

ಎಲ್ಲರಿಗೂ ಥ್ಯಾಂಕ್ಸ್. ‘ಮೇಳ’ ಇಟ್ಟುಕೊಂಡೆ. ‘ಧನಸಹಾಯ’ ಓದಿಸಿದೆ. “ಹಾಂ, ಸಹಾಯ,” ಅಂದರು. ಮುಖದಲ್ಲಿ ನಂಬಿಕೆ ಕಾಣಲಿಲ್ಲ.

ಇನ್ನೊಂದು ಹೊಸ ಪೇಚಾಟ. ಅರ್ಜಿಯಲ್ಲಿ ‘ಗುರು’ವಿನ ಹೆಸರಿಗೆ ಒಂದು ಅಂಕಣ, ಕೆಳಗೆ ‘ಶಿಷ್ಯರ’ ಪಟ್ಟಿ. ಗುರುವಿಗೆ ಒಂದು ಮೊತ್ತ, ಶಿಷ್ಯರಿಗೆ ಅದಕ್ಕಿಂತ ಕಡಿಮೆ. ನಾನು ಯಜಮಾನರ ಹೆಸರನ್ನೇ ಗುರು ಅಂತ ಬರೆದುಕೊಂಡು ಹೋಗಿದ್ದೆ. ಅವರ ತಾಯಿ ಗೋಡೆಗೆ ಒರಗಿ ಕೂತು ಒಂದು ಹಳೇ ಗೊಂಬೆಗೆ ತೇಪೆ ಹೊಲಿಯುತ್ತಿದ್ದರು. ಆಡಿನ ತೊಗಲಿನ ಹನುಮಂತ, ಭುಜದ ಹತ್ತಿರ ಹರಿದಿತ್ತು. ದೀಪದ ಮುಂದೆ ಹಿಡಿದು ತೂತು ಎಲ್ಲಿದೆ ನೋಡುವುದು, ದಾರ ಹಾಕುವುದು, ಮತ್ತೆ ಹಿಡಿಯುವುದು. ತಲೆ ಎತ್ತದೆ, “ಹಾಡು ಕಲಿಸಿದಾಕಿ ನಾನು, ಗುರು ಅಂವಾ ಹೆಂಗಾದ?” ಅಂದರು.

ಯಜಮಾನರು ನಕ್ಕು, “ಬರೀರಿ, ಅವ್ವನ ಹೆಸರು ಬರೀರಿ,” ಅಂದರು. ನೋಂದಣಿ ಪತ್ರ, ಬ್ಯಾಂಕ್ ಖಾತೆ, ಹಿಂದಿನ ವರ್ಷಗಳ ಲೆಕ್ಕ, ಎಲ್ಲದರಲ್ಲೂ ಯಜಮಾನರ ಸಹಿಯೇ ಇದೆ. ‘ಗುರು’ ಅಂದರೆ ಕಲಿಸಿದವರೋ, ಸಹಿ ಹಾಕುವವರೋ? ಮೇಳದಲ್ಲಿ ಅದಕ್ಕೆ ಎರಡು ಪದ ಇವೆ. ಅರ್ಜಿಯಲ್ಲಿ ಒಂದೇ.

ಮಂಡ್ಯದ ಮೇಷ್ಟ್ರು, ಶನಿವಾರ ಬೆಳಿಗ್ಗೆ 8.45

ಗುರು ಅಂದರೆ ಅವ್ವ. ಅದರಲ್ಲಿ ಎರಡು ಮಾತಿಲ್ಲ. ಅದೇ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ತೊಗಲುಗೊಂಬೆ ಆಟಕ್ಕೇ. ಅವ್ವಂದಿರ ಹೆಸರು ಬರೆಯಲು ಇನ್ನು ಯಾರಾದರೂ ಹಿಂದೆಮುಂದೆ ನೋಡಬೇಕಾ?

ಕಚೇರಿಯ ಹಳಬ, ಶನಿವಾರ ಬೆಳಿಗ್ಗೆ 9.30

ತಾಯಿಯನ್ನು ಗುರು ಅಂತ ಬರೆಯಿರಿ. ಸಂಸ್ಥೆಯ ಪರವಾಗಿ ಸಹಿ ಹಾಕುವ ಪದಾಧಿಕಾರಿಯ ಜಾಗದಲ್ಲಿ ಮಗ ಹಾಕಲಿ. ಅವೆರಡೂ ಒಬ್ಬರೇ ಆಗಬೇಕು ಅಂತ ತಿಳಿಯಬೇಡಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಎರಡು ದಿನದಿಂದ ಇವರೆಲ್ಲ ಜಗಳ ಆಡಿದ್ದನ್ನು ಓದಿದೆ, ನಾನೂ ಆಡಿದೆ. ಯಜಮಾನರಿಗೆ ಪದ ಬೇಕಾಗಿಲ್ಲ. ದುಡ್ಡು ವಾಪಸ್ ಕೊಡಬೇಕಾ ಅನ್ನುವುದಕ್ಕೆ ಉತ್ತರ ಬೇಕು. ಅದು ಧನಸಹಾಯದಲ್ಲೂ ಇಲ್ಲ, ಕೊಡಗೆಯಲ್ಲೂ ಇಲ್ಲ, ನೆರವಿನಲ್ಲೂ ಇಲ್ಲ. ಮೇಲೆ ‘ಧನಸಹಾಯ’ ಹಾಕಿ, ಕೆಳಗೆ ಸಣ್ಣ ವಾಕ್ಯಗಳಲ್ಲಿ ಬಿಡಿಸಿ ಬರೆಯಿರಿ. ಸುಮ್ನೆ ‘ವಾಪಸ್ ಇಲ್ಲ’ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಖರ್ಚಾಗದೆ ಉಳಿದರೆ ಅದನ್ನು ಹಿಂದಿರುಗಿಸಬೇಕು. ಖರ್ಚಾದದ್ದಕ್ಕೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು, ಕೇಂದ್ರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆ. ನನ್ನ ಸರ್ವೀಸಿನಲ್ಲಿ ಮೇಳಗಳು ಕೆಟ್ಟದ್ದು ಪದದಿಂದ ಅಲ್ಲ, ಈ ಒಂದು ಹಾಳೆಯಿಂದ. ದುಡ್ಡು ತಿಂದವರಲ್ಲ. ಎಣ್ಣೆ, ಬಾಡಿಗೆ ಗಾಡಿ, ಹುಡುಗರ ಊಟ, ಎಲ್ಲ ಖರ್ಚಾಗಿರುತ್ತದೆ, ರಸೀದಿ ಇರುವುದಿಲ್ಲ. ಮುಂದಿನ ವರ್ಷದ ಫೈಲು ಅಲ್ಲೇ ನಿಂತಿತು.

ಶಾಸನಪ್ರಿಯ, ಶನಿವಾರ ಬೆಳಿಗ್ಗೆ 9.52

ಎಲ್ಲಾ ಸರಿ. ‘ಪ್ರಮಾಣಪತ್ರ’ ಬದಲು ‘ಲೆಕ್ಕದೋಲೆ’ ಅನ್ನಬಹುದು.

ಅಚ್ಚಗನ್ನಡ, ಶನಿವಾರ ಬೆಳಿಗ್ಗೆ 9.54

ಲೆಕ್ಕ ಸಂಸ್ಕ್ರುತದ ‘ಲೇಕ್ಯ’ದಿಂದ ಬಂದದ್ದು ಅಂತ ಈಗ ನೀವೇ ಹೇಳುತ್ತೀರಿ, ಕಾಯುತ್ತಿದ್ದೇನೆ.

ಗೊಂಬೆಮನೆ, ಭಾನುವಾರ ರಾತ್ರಿ 8.15

ಕೊನೆಗೆ ಬರೆದದ್ದು ಇಷ್ಟು:

“ಮೇಳಕ್ಕೆ ಧನ ಸಹಾಯ. ಇದು ಸಾಲ ಅಲ್ಲ. ಬಡ್ಡಿ ಇಲ್ಲ. ಬ್ಯಾಂಕು ಕೇಳುವುದಿಲ್ಲ. ಖರ್ಚು ಮಾಡಿದ್ದಕ್ಕೆ ಲೆಕ್ಕ ಕೊಡಬೇಕು. ಖರ್ಚಾಗದೆ ಉಳಿದರೆ ವಾಪಸ್ ಕೊಡಬೇಕು.”

ಯಜಮಾನರು ಕಟ್ಟೆ ಮೇಲೆ ಕೂತು ಎರಡು ಸಲ ಓದಿದರು. ‘ಲೆಕ್ಕ’ದ ಮೇಲೆ ಬೆರಳಿಟ್ಟು, “ಇದನ್ನ ಬರೆಯೋರು ಯಾರು?” ಅಂದರು. ನಾನೇ ಬರೆದುಕೊಡ್ತೀನಿ, ಆದರೆ ಡೀಸೆಲ್ ಹಾಕಿಸಿದ ಚೀಟಿ ಕೂಡ ಎಸೆಯಬಾರದು ಅಂದೆ. ಅವ್ವ ಒಳಗಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತಂದು ಮಗನ ಮುಂದೆ ಇಟ್ಟರು. “ಇದರಾಗ ಹಾಕು.” ಆಮೇಲೆ ಸಹಿ ಆಯಿತು. ಅವ್ವನದು ಹೆಬ್ಬೆಟ್ಟು, ಗುರುವಿನ ಹೆಸರಿನ ಎದುರಿಗೆ.

ನಾಳೆ ಕಳಿಸುತ್ತಿದ್ದೇನೆ.

ಕಚೇರಿಯ ಹಳಬ, ಭಾನುವಾರ ರಾತ್ರಿ 8.40

‘ಧನಸಹಾಯ’ ಸಮಾಸಪದ. ಬಿಡಿಸಿ ಬರೆದಿದ್ದೀರಿ. ಕಳಿಸುವ ಮೊದಲು ಸೇರಿಸಿ.