ಓದುತ್ತಾರೆ, ಬರೆಯುವುದಿಲ್ಲ: ಆನ್‌ಲೈನ್ ಓದಿನ ಗುಂಪಿನಲ್ಲಿ ಯಾರಿಗೆ ಯಾವ ಜಾಗ?

ಕೇಳಿದವರು: ಕೊಪ್ಪಳದ ಕಾಲೇಜೊಂದರ ಗ್ರಂಥಪಾಲಕಿ

ಎಫ್‌ಡಿಎ, ಎಸ್‌ಡಿಎ, ಪಿಡಿಒ ಮೊದಲಾದ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗಾಗಿ ವಾಟ್ಸಾಪ್ ಗುಂಪೊಂದನ್ನು ನಡೆಸುತ್ತಿದ್ದೇನೆ. ಪ್ರಶ್ನೆ ಹಾಕುವವರೂ ಉತ್ತರ ಹೇಳುವವರೂ ಅದೇ ಏಳೆಂಟು ಹುಡುಗರು. ಹೆಣ್ಣುಮಕ್ಕಳು, ತಾಂಡಾಗಳಿಂದ ಬಂದವರು, ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಲೇ ಓದುತ್ತಿರುವವರು ಎಲ್ಲವನ್ನೂ ನೋಡುತ್ತಾರೆ, ಆದರೆ ಒಂದಕ್ಷರ ಬರೆಯುವುದಿಲ್ಲ. ಇಂಥ ಗುಂಪುಗಳಲ್ಲಿ ಕಲಿತವರು, ಕಲಿಸಿದವರು ತಮ್ಮ ಅನುಭವ ತಿಳಿಸಬೇಕೆಂದು ವಿನಂತಿ.

ರಾಯಚೂರಿನಿಂದ, ಗಣಿತ ಹೇಳಿಕೊಡುವವರು

ಮೇಡಂ, ಬರೆಯದವರು ಕಲಿಯುತ್ತಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಲೈಬೀರಿಯಾದ ದರ್ಜಿಗಳ ಬಳಿ ಕೆಲಸಕ್ಕೆ ಸೇರಿದ ಹುಡುಗರು ಮೊದಲು ಗುಂಡಿ ಹಚ್ಚುತ್ತಿದ್ದರು, ಅಂಚು ಹೊಲಿಯುತ್ತಿದ್ದರು. ಬಟ್ಟೆ ಕತ್ತರಿಸುವ ಕೆಲಸ ಅವರ ಕೈಗೆ ಬರುತ್ತಿದ್ದುದು ಬಹಳ ತಡವಾಗಿ. ಇಂಥ ಉದಾಹರಣೆಗಳನ್ನು ಮುಂದಿಟ್ಟುಕೊಂಡು ಕಲಿಕೆಯ ಬಗ್ಗೆ ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅವರು 1991ರಲ್ಲಿ, ಕಲಿಕೆಯೆಂದರೆ ಒಂದು ಸಮುದಾಯದ ಅಂಚಿನಿಂದ ಒಳಕ್ಕೆ ಸಾಗುತ್ತ ಅಲ್ಲಿಯವರಾಗುವುದು ಎಂದು ವಾದಿಸಿದರು. ಅಂಚಿನಲ್ಲಿ ಕೂರುವುದು ತಪ್ಪಲ್ಲ, ಆದರೆ ಅಲ್ಲಿಂದ ಒಳಗೆ ಬರುವ ದಾರಿ ತೆರೆದಿರಬೇಕು ಎಂಬ ಭಾಗವೇ ಅದರಲ್ಲಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನಿಮ್ಮ ಗುಂಪಿನಲ್ಲಿ ಉತ್ತರ ಹೇಳುವುದೊಂದೇ ಕೆಲಸವಾಗಿದ್ದರೆ, ಉತ್ತರ ಬಾರದವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಅಂದಿನ ಪತ್ರಿಕೆಯಿಂದ ಪ್ರಚಲಿತ ಘಟನೆಗಳನ್ನು ಆರಿಸಿ ಹಾಕುವುದು, ಹಳೆಯ ಪ್ರಶ್ನೆಪತ್ರಿಕೆಯ ಒಂದು ಪುಟವನ್ನು ಬೆರಳಚ್ಚಿಸುವುದು ಮೊದಲಾದ, ಸೋಲುವ ಭಯವಿಲ್ಲದ ಕೆಲಸಗಳನ್ನು ಹೆಸರು ಹಿಡಿದು ಒಬ್ಬೊಬ್ಬರಿಗೆ ಒಪ್ಪಿಸಿ.

ಇನ್ನು ಅದಕ್ಕಿಂತ ಗಂಭೀರವಾದ ಸಂಗತಿ. ರಾಜ್ಯಮಟ್ಟದ ಒಂದು ದೊಡ್ಡ ಗುಂಪಿನಲ್ಲಿ ದೇವದುರ್ಗದ ಕಡೆಯ ಹುಡುಗನೊಬ್ಬ ಶೇಕಡಾವಾರು ಲೆಕ್ಕವೊಂದನ್ನು ಕೇಳಿದ. ಉತ್ತರಕ್ಕಿಂತ ಮೊದಲು ಬಂದದ್ದು, ‘ನಿಮಗೇನು ಬಿಡಿ, 371ಜೆ ಇದೆಯಲ್ಲ’ ಎಂಬ ಮಾತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಆ ವಿಧಿ, ದಶಕಗಳ ಕಾಲ ಹಿಂದೆ ಉಳಿದ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಯಾಗಿ ಸಿಕ್ಕ ನ್ಯಾಯ. ಅದನ್ನೇ ಆ ಒಂದು ಸಾಲು ಹುಡುಗನ ಹಣೆಪಟ್ಟಿಯಾಗಿಸಿತು. ಲೆಕ್ಕ ಕೇಳಲು ಬಂದವನನ್ನು, ಓದದಿದ್ದರೂ ನೌಕರಿ ಸಿಗುವವನೆಂಬ ಜಾಗದಲ್ಲಿ ಕೂರಿಸಲಾಯಿತು. ಮತ್ತೆ ಕೇಳಿದರೆ ಆ ಮಾತನ್ನು ಒಪ್ಪಿಕೊಂಡಂತಾಗುತ್ತದೆ, ಕೇಳದೆ ಹೋದರೆ ಲೆಕ್ಕ ಬರುವುದಿಲ್ಲ. ಅವನು ಕೇಳದಿರುವುದನ್ನೇ ಆರಿಸಿಕೊಂಡ. ಮಾತುಕತೆಯ ನಡುವೆಯೇ ನಾವು ಒಬ್ಬರಿಗೊಬ್ಬರು ಇಂಥ ಸ್ಥಾನಗಳನ್ನು ಹಂಚುತ್ತೇವೆ ಎಂದು ಬ್ರಾನ್ವಿನ್ ಡೇವಿಸ್ ಮತ್ತು ರೋಮ್ ಹ್ಯಾರೆ ಎಂಬ ವಿದ್ವಾಂಸರು 1990ರಲ್ಲಿ ವಿವರಿಸಿದ್ದರು. ಆ ಹುಡುಗನ ಮೌನವನ್ನು ಸೋಮಾರಿತನವೆಂದೋ ಸಂಕೋಚದ ಸ್ವಭಾವವೆಂದೋ ಕರೆಯಲು ನಾನು ಸಿದ್ಧನಿಲ್ಲ. ನಡೆಸುವವರು ಇಂಥ ಮಾತು ಬಂದ ಕೂಡಲೇ, ಎಲ್ಲರೆದುರಿಗೇ ಅದನ್ನು ತಡೆದು, ಕೇಳಿದವನ ಹೆಸರು ಹಿಡಿದು ಲೆಕ್ಕ ಬಿಡಿಸಿ ತೋರಿಸಬೇಕು. ಆಮೇಲೆ ಖಾಸಗಿಯಾಗಿ ಸಮಾಧಾನ ಹೇಳಿದರೆ ಗುಂಪಿನಲ್ಲಿ ಅವನ ಸ್ಥಾನ ಬದಲಾಗುವುದಿಲ್ಲ.

ಸಿಂಧನೂರು ತಾಲ್ಲೂಕಿನ ಕ್ಯಾಂಪೊಂದರಿಂದ

ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದ ಕುಟುಂಬ ನಮ್ಮದು. ಮನೆಯ ಮಾತು ತೆಲುಗು, ಓದಿದ್ದು ಕನ್ನಡ ಮಾಧ್ಯಮ. ನಾನು ಸೇರಿದ್ದ ಗುಂಪಿನಲ್ಲಿ ಏನಾದರೂ ಕೇಳಿದರೆ ನನ್ನ ಅಲ್ಪಪ್ರಾಣ, ಮಹಾಪ್ರಾಣಗಳನ್ನು ತಿದ್ದುತ್ತಿದ್ದರೇ ಹೊರತು ಪ್ರಶ್ನೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಬರೆಯುವುದನ್ನೇ ಬಿಟ್ಟೆ. ಒಮ್ಮೆ ಗುಂಪು ನಡೆಸುತ್ತಿದ್ದ ಸರ್, ಯೂಟ್ಯೂಬಿನ ತೆಲುಗು ಪಾಠವೊಂದರಲ್ಲಿದ್ದ, ಯಾರು ಯಾರಿಗೆ ಏನಾಗಬೇಕು ಎಂದು ಕೇಳುವ ರಕ್ತಸಂಬಂಧದ ಪ್ರಶ್ನೆಗಳನ್ನು ಬಿಡಿಸುವ ಕ್ರಮವನ್ನು ಕನ್ನಡದಲ್ಲಿ ಧ್ವನಿಸಂದೇಶವಾಗಿ ಹೇಳಲು ನನ್ನನ್ನು ಕೇಳಿಕೊಂಡರು. ಅಲ್ಲಿಂದ ಮುಂದೆ ಜನ ನನ್ನನ್ನು ಹುಡುಕಿಕೊಂಡು ಪ್ರಶ್ನೆ ಕೇಳತೊಡಗಿದರು, ನನಗೂ ನನ್ನ ಸಂಶಯಗಳನ್ನು ಮುಂದಿಡುವ ಧೈರ್ಯ ಬಂತು. ತಾಂಡಾದ ಹುಡುಗರಿಗೂ ಬೆರಳಚ್ಚಿಗಿಂತ ಧ್ವನಿಸಂದೇಶ ಸುಲಭವಾದೀತು. ಕಾಗುಣಿತ ತಿದ್ದುವುದನ್ನು ಕನ್ನಡ ಪ್ರಶ್ನೆಪತ್ರಿಕೆಯ ಅಭ್ಯಾಸಕ್ಕೆ ಮಾತ್ರ ಮೀಸಲಿಡಿ.

ಬಳ್ಳಾರಿಯಿಂದ, ಗೃಹಿಣಿ

ಅಕ್ಕಾ, ನೀವು ಹೇಳಿದ ಬರೆಯದ ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳಾಗಿದ್ದೆ. ಗುಂಪಿನಲ್ಲಿದ್ದುದು ನನ್ನ ಯಜಮಾನರ ನಂಬರು, ಅವರ ಫೋಟೊ. ಎಲ್ಲರೂ ‘ಅಣ್ಣಾ’ ಎನ್ನುತ್ತಿದ್ದರು. ನನ್ನದೇ ಫೋನು ಬಂದ ಮೇಲೆ ಸ್ವಂತ ಹೆಸರಿನಲ್ಲಿ ಒಂದು ಪ್ರಶ್ನೆ ಕೇಳಿದೆ. ಅಂದು ರಾತ್ರಿಯೇ ಪರಿಚಯವಿಲ್ಲದ ನಂಬರುಗಳಿಂದ ‘ಹಾಯ್’ ಎಂಬ ಸಂದೇಶಗಳು ಬಂದವು. ಮನೆಯಲ್ಲಿ ಇದು ಗೊತ್ತಾದರೆ ಓದೇ ನಿಲ್ಲುತ್ತದೆ ಎಂಬ ಭಯ ನನ್ನಂಥವರಿಗೆ ಎಷ್ಟಿರುತ್ತದೆ ಎಂಬುದನ್ನು ಗುಂಪು ನಡೆಸುವವರು ಅರಿತಿರಬೇಕು. ನಂಬರನ್ನು ಮರೆಮಾಡುವ ಅನುಕೂಲ ಟೆಲಿಗ್ರಾಂನಲ್ಲಿದೆ, ಹೆಸರು ಕಾಣದಂತೆ ಉತ್ತರಿಸುವ ಕ್ವಿಜ್ ಕೂಡ ಇದೆ. ಗುಂಪನ್ನು ಅಲ್ಲಿಗೆ ಬದಲಾಯಿಸುವವರೆಗೆ, ಹೆಣ್ಣುಮಕ್ಕಳು ನಿಮಗೆ ಖಾಸಗಿಯಾಗಿ ಕಳಿಸಿದ ಪ್ರಶ್ನೆಯನ್ನು ಹೆಸರಿಲ್ಲದೆ ನೀವೇ ಗುಂಪಿಗೆ ಹಾಕಬಹುದು. ಇದರಲ್ಲಿ ಒಂದು ನಷ್ಟವೂ ಇದೆ. ಹೆಸರಿಲ್ಲದೆ ಬಿಡಿಸಿದ ಲೆಕ್ಕದ ಶ್ರೇಯಸ್ಸು ಯಾರಿಗೂ ಸೇರುವುದಿಲ್ಲ, ನಾವು ಬಲ್ಲವರೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಹೆಣ್ಣುಮಕ್ಕಳದ್ದೇ ಒಂದು ಸಣ್ಣ ಗುಂಪು ಬೇರೆ ಇರಲಿ. ಅಲ್ಲಿ ಹೆಸರಿನಿಂದ ಮಾತನಾಡಿ ಪಳಗಿದವರು ದೊಡ್ಡ ಗುಂಪಿಗೆ ತಾವಾಗಿಯೇ ಬರುತ್ತಾರೆ. ನಾನು ಬಂದದ್ದು ಹಾಗೆಯೇ.

ಲಿಂಗಸುಗೂರಿನವರು, ಸದ್ಯ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ

ಮೇಡಂ, ಗುಳೆ ಬಂದವರ ಬಗ್ಗೆ ಮಾತ್ರ ಹೇಳುತ್ತೇನೆ. ನೀವು ಬೆಳಿಗ್ಗೆ ಹಾಕಿದ ಪ್ರಶ್ನೆಗೆ ನಾವು ಕೆಲಸ ಮುಗಿಸಿ ಶೆಡ್ಡಿಗೆ ಬರುವಷ್ಟರಲ್ಲಿ ಉತ್ತರ, ವಿವರಣೆ, ಚಪ್ಪಾಳೆಯ ಚಿಹ್ನೆಗಳು ಎಲ್ಲವೂ ಬಂದು ಮುಗಿದಿರುತ್ತವೆ. ಅಲ್ಲಿ ಜಾಣ ಎನಿಸಿಕೊಳ್ಳುವವನು ಹಗಲು ಫೋನು ಕೈಯಲ್ಲಿರುವವನು. ಪ್ರಶ್ನೆಯನ್ನು ರಾತ್ರಿ 9ಕ್ಕೆ ಹಾಕಿ, ಮರುದಿನ ರಾತ್ರಿಯವರೆಗೆ ಯಾರೂ ಗುಂಪಿನಲ್ಲಿ ಉತ್ತರ ಹೇಳಬಾರದೆಂದು ನಿಯಮ ಮಾಡಿ. ಎಲ್ಲರೂ ತಮ್ಮ ಉತ್ತರವನ್ನು ನಿಮಗೇ ಕಳಿಸಲಿ. ಯಾರು ಮೊದಲು ಕಳಿಸಿದರು ಎಂಬುದನ್ನು ಬಿಟ್ಟು, ಯಾರು ಯಾವ ದಾರಿಯಲ್ಲಿ ಬಿಡಿಸಿದರು ಎಂಬುದನ್ನು ಹೆಸರು ಸಹಿತ ಹಾಕಿ. ಸೈಟಿನಲ್ಲಿ ಕಬ್ಬಿಣದ ತೂಕ, ಕಾಂಕ್ರೀಟಿನ ಪ್ರಮಾಣ ದಿನವೂ ನಮ್ಮ ಕೈಯಲ್ಲೇ ಇರುತ್ತದೆ. ಅನುಪಾತ ಮತ್ತು ಘನಫಲದ ಲೆಕ್ಕಗಳನ್ನು ನಮಗೆ ಕೊಟ್ಟು ನೋಡಿ.